ಹರಿಗೋಲಿನಲ್ಲಿ ಹೇಳಿದ ಹೊಲೊಗ್ರಾಂ

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಆಚೆ ದಂಡೆಯಲ್ಲಿ ಪೇಟೆ ಊರು. ನಡುವೆ ದುರುಗಪ್ಪನ ಹರಿಗೋಲು.

ಆಶ್ರಮ ಅಂದರೆ ಎರಡು ಕೋಣೆ, ಒಂದು ಉಗ್ರಾಣ, ಒಂದು ಬಾವಿ, ಒಂದು ಬೇವಿನ ಮರ. ಅಲ್ಲಿದ್ದ ನಿರುಪಾದಿ ಅಜ್ಜ ಕಾವಿ ಉಟ್ಟವರಲ್ಲ. ಮೂವತ್ತೊಂದು ವರ್ಷ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಗಾಜು ಒರೆಸಿ, ದೀಪ ಆರಿಸಿ, ಬೀಗ ಹಾಕಿ ಬಂದವರು. ಆದರೂ ಸುತ್ತಲಿನ ಜನ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಯಾರಾದರೂ ನಮಸ್ಕಾರ ಮಾಡಲು ಬಗ್ಗಿದರೆ ಅಜ್ಜ ಕಾಲು ಮಡಚಿಕೊಂಡು ಕೂತುಬಿಡುತ್ತಿದ್ದರು.

ಅವರಲ್ಲಿ ಕಲಿಯಲು ಬಂದವರಿಗೆ ಮಂತ್ರವಿಲ್ಲ, ಜಪವಿಲ್ಲ. ಇದ್ದದ್ದು ಒಂದೇ ಸಾಧನೆ. ಬೆಳಿಗ್ಗೆ ಬಂದ ಪತ್ರಿಕೆಯಲ್ಲಿ ಒಂದು ಸುದ್ದಿ ಆರಿಸಿಕೊಳ್ಳಬೇಕು. ಪೇಟೆಗೆ ಹೋಗುವವರ ಜೊತೆ ಹರಿಗೋಲು ಹತ್ತಬೇಕು. ಆಚೆ ದಂಡೆ ಮುಟ್ಟುವುದರೊಳಗೆ ಆ ಸುದ್ದಿಯನ್ನು ಅವರಿಗೆ ತಿಳಿಯುವಂತೆ ಹೇಳಿ ಮುಗಿಸಬೇಕು.

ಇಳಿಯುವಾಗ ಜನ ಏನು ಮಾತಾಡಿಕೊಂಡು ಇಳಿದರು ಎಂಬುದನ್ನು ಅಂಬಿಗ ದುರುಗಪ್ಪ ಸಂಜೆ ಬಂದು ಅಜ್ಜನಿಗೆ ಒಪ್ಪಿಸುತ್ತಿದ್ದ. ಅದೇ ಪರೀಕ್ಷೆ, ಅದೇ ಫಲಿತಾಂಶ.

ದಾಕ್ಷಾಯಿಣಿ ಅಲ್ಲಿಗೆ ಬಂದು ಎಂಟು ತಿಂಗಳಾಗಿತ್ತು. ಇಪ್ಪತ್ತೆರಡರ ಹುಡುಗಿ. ಗ್ರಹಣದ ಸುದ್ದಿಯನ್ನು ಚೆನ್ನಾಗಿ ಹೇಳಿ ದುರುಗಪ್ಪನಿಂದ ಶಹಬಾಸ್ ಅನ್ನಿಸಿಕೊಂಡಿದ್ದಳು. ಷೇರುಪೇಟೆ ಬಿದ್ದ ಸುದ್ದಿಯಲ್ಲಿ ಸೋತಿದ್ದಳು. ಆ ದಿನ ನಡುಹೊಳೆಯ ಹೊತ್ತಿಗೆ ಎಲ್ಲರೂ ತೂಕಡಿಸುತ್ತಿದ್ದರು. ಎಚ್ಚರವಾಗಿದ್ದದ್ದು ಯಾರೋ ಮಾರಲು ಒಯ್ಯುತ್ತಿದ್ದ ಒಂದು ಆಡು ಮಾತ್ರ ಎಂದು ದುರುಗಪ್ಪ ವರದಿ ಮಾಡಿದ್ದ.

ಒಂದು ಸೋಮವಾರ ಪತ್ರಿಕೆಯ ಮೂರನೆಯ ಪುಟದಲ್ಲಿ ದಪ್ಪ ಅಕ್ಷರದ ತಲೆಬರಹ ಇತ್ತು. ಗಾಳಿಯಲ್ಲಿ ಮೂಡಿದ ಗಾಯಕಿ.

ಜಿಲ್ಲಾ ಕೇಂದ್ರದಲ್ಲಿ ವಿಜ್ಞಾನದ ವಸ್ತುಪ್ರದರ್ಶನ ನಡೆಯುತ್ತಿತ್ತು. ಎಲ್ಲೋ ದೂರದ ನಗರದಲ್ಲಿದ್ದ ಗಾಯಕಿಯೊಬ್ಬಳು ಇಲ್ಲಿನ ವೇದಿಕೆಯ ಮೇಲೆ ನಿಂತು ಹಾಡಿದಳಂತೆ. ಹೊಲೊಗ್ರಾಂ ಎಂಬ ಹೊಸ ತಂತ್ರಜ್ಞಾನವಂತೆ. ಬೆಳಕಿನ ಮಾಯಾಜಾಲ, ಕಲ್ಪನೆಗೂ ನಿಲುಕದ ವಿಸ್ಮಯ ಎಂದೆಲ್ಲ ಬರೆದಿದ್ದರು. ನಾಳೆ ನಮ್ಮನ್ನು ಅಗಲಿದವರೂ ಮನೆಯ ಪಡಸಾಲೆಗೆ ಮರಳಿ ಬಂದು ಮಾತಾಡಬಹುದು ಎಂದೂ ಬರೆದಿದ್ದರು. ಪ್ರದರ್ಶನ ಶುಕ್ರವಾರದವರೆಗೆ.

ದಾಕ್ಷಾಯಿಣಿ ಅದನ್ನೇ ಆರಿಸಿಕೊಂಡಳು.

ಹರಿಗೋಲಿನಲ್ಲಿ ಆ ದಿನ ಒಂಬತ್ತು ಜನ. ಅವರಲ್ಲಿ ಹುಲಿಗೆವ್ವನೂ ಒಬ್ಬಳು. ಅರವತ್ತು ದಾಟಿದ ಹೆಂಗಸು, ಆಚೆ ದಂಡೆಯಲ್ಲಿ ಮಿರ್ಚಿ ಬಜ್ಜಿ ಮಾರುವವಳು. ಮಡಿಲಲ್ಲಿ ಹಸಿಮೆಣಸಿನಕಾಯಿಯ ಬುಟ್ಟಿ, ಬಾಯಲ್ಲಿ ಅದಕ್ಕಿಂತ ಖಾರ.

ದಾಕ್ಷಾಯಿಣಿ ಸುದ್ದಿ ಹೇಳಿದಳು. ಗಾಯಕಿ ಹೇಗೆ ಕತ್ತಲಿನಿಂದ ಎದ್ದು ಬಂದಳು, ಹೇಗೆ ಸೆರಗು ಸರಿಪಡಿಸಿಕೊಂಡಳು, ಜನ ಹೇಗೆ ಎದ್ದು ನಿಂತರು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಏರಿತು. ದುರುಗಪ್ಪ ಹುಟ್ಟು ಹಾಕುವುದನ್ನು ಮರೆತ. ಹರಿಗೋಲು ನೀರಿನಲ್ಲಿ ಎರಡು ಸುತ್ತು ತಿರುಗಿತು.

ಹುಲಿಗೆವ್ವ ಮೆಲ್ಲಗೆ ಕೇಳಿದಳು. “ಸತ್ತವರೂ ಬರ್ತಾರಂತೇನವ್ವಾ?”

“ಹಂಗ ಬರದಾರ ಚಿಗವ್ವಾ. ಥೇಟ್ ಬಂದು ನಿಂತಂಗ ನಿಲ್ತಾರಂತ.”

“ಮಾತೂ ಆಡ್ತಾರೇನು?”

“ಮಾತೂ ಆಡ್ತಾರ.”

ಹುಲಿಗೆವ್ವ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಳು.

ಸಂಜೆ ದುರುಗಪ್ಪ ಬಂದು ಬೇವಿನ ಕಟ್ಟೆಯ ಮೇಲೆ ಕೂತ. ಇವತ್ತು ಒಬ್ಬರೂ ನಿದ್ದೆ ಮಾಡಲಿಲ್ಲ ಎಂದ. ಇಳಿದವರು ಪೇಟೆಯ ತುಂಬ ಅದೇ ಮಾತು ಹಬ್ಬಿಸಿದರು ಎಂದ. ದಾಕ್ಷಾಯಿಣಿ ನೀರು ಸೇದುತ್ತಿದ್ದವಳು ಹಗ್ಗ ಹಿಡಿದುಕೊಂಡೇ ಹಿಗ್ಗಿದಳು.

“ಇನ್ನೊಂದು ಮಾತು ಅಜ್ಜಾರ,” ಎಂದ ದುರುಗಪ್ಪ. “ಗುರುವಾರ ಹುಲಿಗೆವ್ವ ಅಂಗಡಿ ಮುಚ್ಚತಾಳಂತ. ಯಂಕಪ್ಪನ ಕೂಡ ಮಾತಾಡಾಕ ಹೊಂಟಾಳ.”

ದಾಕ್ಷಾಯಿಣಿಯ ಕೈಯಿಂದ ಹಗ್ಗ ಜಾರಿತು. ಕೊಡ ಬಾವಿಯ ತಳ ಮುಟ್ಟಿದ ಸದ್ದು ಮೂವರಿಗೂ ಕೇಳಿಸಿತು.

ಯಂಕಪ್ಪ ಹುಲಿಗೆವ್ವನ ಗಂಡ. ಅವನು ಹಿಟ್ಟು ಕಲಸುತ್ತಿದ್ದ, ಅವಳು ಕರಿಯುತ್ತಿದ್ದಳು. ಮೂವತ್ತು ವರ್ಷ ಹಾಗೆ ನಡೆದಿತ್ತು. ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಇಬ್ಬರಿಗೂ ಜಗಳವಾಯಿತು. ಹಳೆಯ ಒಲೆ ಒಡೆದು ಹೊಸದನ್ನು ಹಾಕುವುದಿತ್ತು. ಒಲೆಯ ಬಾಯಿ ಮೂಡಣಕ್ಕಿರಲಿ ಎಂದು ಅವನು. ಪಡುವಣಕ್ಕೇ ಇರಬೇಕು, ಆಗಲೇ ತಾನು ಒಲೆಯ ಮುಂದೆ ಮೂಡಣಕ್ಕೆ ಮುಖ ಮಾಡಿ ಕೂತು ಹೊಳೆಯಿಂದ ಹತ್ತಿ ಬರುವ ಗಿರಾಕಿಗಳನ್ನು ನೋಡಬಹುದು ಎಂದು ಅವಳು. ಮೂಡಣ ಯಾಕೆ, ಕಾರಣ ಹೇಳು ಎಂದು ಪಟ್ಟು ಹಿಡಿದಳು. ಹಿಟ್ಟಿನ ಕೈಯಲ್ಲಿದ್ದ ಯಂಕಪ್ಪ, ತಡಿ, ಕೈ ತೊಳಕೊಂಡು ಬಂದು ಹೇಳ್ತೀನಿ ಎಂದು ಹೊಳೆಗೆ ಇಳಿದ. ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಹುಲಿಗೆವ್ವ ಆ ಮಾತಿಗಾಗಿ ನಾಲ್ಕು ವರ್ಷದಿಂದ ಕಾಯುತ್ತಿದ್ದಳು. ಊರಿಗೆಲ್ಲ ಅದು ಗೊತ್ತಿತ್ತು. ಒಲೆಯನ್ನು ಅವಳು ಇನ್ನೂ ಹಾಕಿಸಿರಲಿಲ್ಲ. ಮೂರು ಕಲ್ಲಿಟ್ಟು ಕರಿಯುತ್ತಿದ್ದಳು.

ದುರುಗಪ್ಪ ಹೋದ ಮೇಲೆ ದಾಕ್ಷಾಯಿಣಿ ಬಂದು ಅಜ್ಜನ ಮುಂದೆ ನಿಂತಳು. ಬೈಗುಳಕ್ಕೆ ಕಾದಳು.

ಅಜ್ಜ ಪತ್ರಿಕೆ ತರಲು ಹೇಳಿದರು. ಒಂದು ಕೆಂಪು ಪೆನ್ಸಿಲ್, ಒಂದು ನೀಲಿ ಪೆನ್ಸಿಲ್ ಕೊಟ್ಟರು. ಬರೆದವನಿಗೆ ಎಷ್ಟು ಬೆರಗಾಯಿತು ಎಂದು ಹೇಳುವ ಸಾಲುಗಳಿಗೆ ಕೆಂಪು ಗೆರೆ ಎಳೆ, ಅಲ್ಲಿ ಏನಿತ್ತು ಎಂದು ಹೇಳುವ ಸಾಲುಗಳಿಗೆ ನೀಲಿ ಎಂದರು.

ದಾಕ್ಷಾಯಿಣಿ ಗೆರೆ ಎಳೆಯುತ್ತ ಹೋದಳು. ಕೆಂಪು, ಕೆಂಪು, ಕೆಂಪು. ಪೆನ್ಸಿಲನ್ನು ಎರಡು ಸಲ ಹೆರೆಯಬೇಕಾಯಿತು. ಕಟ್ಟಕಡೆಯ ಸಾಲಿಗೆ ಬಂದಾಗ ಕೈ ನಿಂತಿತು. ‘ವೇದಿಕೆಯ ಮೇಲೆ ಓರೆಯಾಗಿ ಬಿಗಿದ ಪಾರದರ್ಶಕ ಹಾಳೆಯಲ್ಲಿ ಚಿತ್ರ ಪ್ರತಿಫಲಿಸುತ್ತದೆ.’

ಅಲ್ಲೊಂದು ನೀಲಿ ಗೆರೆ ಬಿತ್ತು.

“ಇದನ್ನ ಹರಿಗೋಲಿನಾಗ ಹೇಳಿದಿ?” ಎಂದರು ಅಜ್ಜ.

“ಇಲ್ಲರಿ ಅಜ್ಜಾರ. ಅಷ್ಟರಾಗ ದಂಡಿ ಬಂತು.”

ಅಜ್ಜ ನೀಲಿ ಗೆರೆಯ ಮೇಲೆ ಬೆರಳಿಟ್ಟರು.

“ದಂಡಿ ಇನ್ನೂ ದೂರಿತ್ತು,” ಎಂದಳು ದಾಕ್ಷಾಯಿಣಿ. “ಅದನ್ನ ಹೇಳಿದ್ರ ಜನರ ಬೆರಗು ಇಳಿದು ಹೋಗ್ತದ ಅನಿಸ್ತು.”

ಅಜ್ಜ ತಲೆಯಾಡಿಸಿ ಊಟಕ್ಕೆ ಎದ್ದರು.

ಮರುದಿನ ಬೆಳಿಗ್ಗೆ ಅವರು ಗೋಡೆಯ ಮೇಲಿದ್ದ ತಮ್ಮ ಗುರುವಿನ ಪಟವನ್ನು ಇಳಿಸಿದರು. ಹಿಂದಿನ ಮೊಳೆ ಕಿತ್ತು, ಗಾಜನ್ನು ಹೊರಗೆ ಎಳೆದರು. ದಾಕ್ಷಾಯಿಣಿ ಗಾಬರಿಯಾದಳು.

“ಅವರಿಗೂ ಒಂದು ಗಳಿಗೆ ಗಾಳಿ ಆಡಲಿ ಬಿಡು,” ಎಂದರು ಅಜ್ಜ.

ಕಿಟಕಿಯಿಲ್ಲದ ಉಗ್ರಾಣದೊಳಗೆ ಒಂದು ಹಲಗೆಯ ಮೇಲೆ ಅವರು ಏನೇನೋ ಹೊಂದಿಸಿದರು. ಆಮೇಲೆ ದಾಕ್ಷಾಯಿಣಿಯನ್ನು ಒಳಗೆ ಕರೆದು, ಬಾಗಿಲು ಮುಚ್ಚಿ, ಎದುರು ಕೂರಿಸಿದರು.

ಎದುರಿಗೆ ಒಂದು ಗಾಜಿನ ಲೋಟ. ಲೋಟದ ತುಂಬ ನೀರು. ನೀರಿನೊಳಗೆ ಒಂದು ದೀಪ ಉರಿಯುತ್ತಿತ್ತು.

ಜ್ವಾಲೆ ಅಲುಗುತ್ತಿತ್ತು, ಬಾಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ನೀರು ಅದನ್ನು ಆರಿಸಲಿಲ್ಲ. ದಾಕ್ಷಾಯಿಣಿ ಮಗುವಿನ ಹಾಗೆ ನಕ್ಕುಬಿಟ್ಟಳು.

“ಮುಟ್ಟಿ ನೋಡು.”

ಅವಳು ಕೈ ಚಾಚಿದಳು. ಬೆರಳು ನಡುದಾರಿಯಲ್ಲೇ ತಣ್ಣನೆಯ ಗಾಜಿಗೆ ತಾಗಿತು. ಪಟದ ಗಾಜು ಅವಳಿಗೂ ಲೋಟಕ್ಕೂ ನಡುವೆ ಓರೆಯಾಗಿ ನಿಂತಿತ್ತು. ಎಡಗಡೆ ಜೋಳದ ಚೀಲದ ಮರೆಯಲ್ಲಿ ಎಣ್ಣೆಯ ದೀಪ ಉರಿಯುತ್ತಿತ್ತು. ದೀಪ ಗಾಜಿನಿಂದ ಎಷ್ಟು ದೂರವೋ ಲೋಟವೂ ಗಾಜಿನ ಹಿಂದೆ ಅಷ್ಟೇ ದೂರ.

ಅವಳು ದೀಪವನ್ನು ನೋಡಿದಳು, ಗಾಜನ್ನು ನೋಡಿದಳು. ಮತ್ತೆ ತನ್ನ ಜಾಗಕ್ಕೆ ಬಂದು ಕೂತು ನೀರಿನೊಳಗಿನ ಜ್ವಾಲೆಯನ್ನು ನೋಡಿದಳು. ಎದ್ದು ಹೋಗಿ ದೀಪವನ್ನು ತುಸು ಸರಿಸಿದಳು. ಬಂದು ಕೂತಳು. ಜ್ವಾಲೆ ಲೋಟದ ಅಂಚಿಗೆ ಹೋಗಿತ್ತು. ಮತ್ತೆ ಎದ್ದಳು.

ಅಜ್ಜ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು.

“ಗಾಜು ಎಲ್ಲೈತಿ ಅಂತ ಗೊತ್ತಾದ ಮ್ಯಾಲ ಏಳು ಸಲ ನೋಡಿದಿ,” ಎಂದರು. “ಬೆರಗು ಎಷ್ಟು ಇಳೀತು?”

ದಾಕ್ಷಾಯಿಣಿಗೆ ನಾಚಿಕೆಯೂ ಆಯಿತು, ನಗೆಯೂ ಬಂತು.

ಹಾಗಾದರೆ ಹೊಲೊಗ್ರಾಂ ಅಂದರೆ ಇದೇಯೇ ಎಂದು ಅವಳು ಕೇಳಿದಳು. ಅಲ್ಲ ಎಂದರು ಅಜ್ಜ. ಇದು ಗಾಜಿನಲ್ಲಿ ಬಿದ್ದ ಬಿಂಬ, ಹಳೆಯ ಕಾಲದ ನಾಟಕದವರಿಗೂ ಗೊತ್ತಿದ್ದ ವಿದ್ಯೆ. ಹೆಸರು ಚೆನ್ನಾಗಿದೆ ಎಂದು ಪತ್ರಿಕೆಯವರು ಇದಕ್ಕೂ ಅದೇ ಹೆಸರಿಡುತ್ತಾರೆ. ನಿಜವಾದದ್ದು ಬೇರೆ ಇದೆ ಎಂದು ಹೇಳಿ ಅವಳನ್ನು ಹೊಳೆಗೆ ಕರೆದೊಯ್ದರು.

ದಂಡೆಯ ಒಂದು ಕಡೆ ನೀರು ನಿಂತು ಮಡುವಾಗಿತ್ತು. ಕಣ್ಣು ಮುಚ್ಚು ಎಂದರು. ಮುಚ್ಚಿದಳು. ಎಲ್ಲೋ ಒಂದು ಕಲ್ಲು ಬಿದ್ದ ಸದ್ದಾಯಿತು. ತುಸು ಹೊತ್ತು ಬಿಟ್ಟು, ಈಗ ತೆರೆ ಎಂದರು.

“ಕಲ್ಲು ಎಲ್ಲಿ ಬಿತ್ತು?”

“ಅಲ್ಲಿ. ಆ ಬಂಡೆಯ ಆಚಿ ಮಗ್ಗಲಕ್ಕ.”

“ಕಲ್ಲು ಮುಳುಗಿ ಹೋತು. ನಿನಗ ಯಾರು ಹೇಳಿದ್ರು?”

“ತೆರಿ ಬರಾಕತ್ತಾವಲ್ಲ ಅಜ್ಜಾರ. ಅವು ಎಲ್ಲಿಂದ ಬರಾಕತ್ತಾವ ಅಂತ ಕಾಣಸ್ತದ.”

ಅಜ್ಜ ಸೊಂಟದ ಚೀಲದಿಂದ ಒಂದು ಅರಿವೆಯ ಗಂಟು ತೆಗೆದರು. ಅದರೊಳಗೆ ಹೆಬ್ಬೆರಳಿನಷ್ಟು ಅಗಲದ ಒಂದು ಗಾಜಿನ ಚೂರು. ಬಿಸಿಲಿಗೆ ಹಿಡಿದು ಓರೆ ಮಾಡಿದರೆ ಚೂರಿನ ಆಚೆಗೆ ಒಂದು ಬುಗುರಿ ನಿಂತಿತ್ತು. ತಿಳಿಹಸಿರು ಬಣ್ಣ. ದಾಕ್ಷಾಯಿಣಿ ಚೂರಿನ ಹಿಂದೆ ಬೆರಳಾಡಿಸಿದಳು. ಏನೂ ಇರಲಿಲ್ಲ. ಎಡಕ್ಕೆ ವಾಲಿದರೆ ದಾರ ಸುತ್ತುವ ಗೆರೆ ಕಂಡಿತು, ಬಗ್ಗಿದರೆ ಕೆಳಗಿನ ಮೊಳೆ ಕಂಡಿತು.

ಅಜ್ಜ ಅದರ ಕಥೆ ಹೇಳಿದರು. ಒಂದು ಬೆಳಕನ್ನು ಬುಗುರಿಯ ಮೇಲೆ ಬಿಡುತ್ತಾರೆ. ಬುಗುರಿಗೆ ಬಡಿದು ಬಂದ ಬೆಳಕೂ ಅದೇ ಬೆಳಕಿನ ನೇರವಾಗಿ ಬಂದ ಪಾಲೂ ಗಾಜಿನ ಪ್ಲೇಟಿನ ಮೇಲೆ ಕೂಡುತ್ತವೆ. ಎರಡು ಕಲ್ಲಿನ ತೆರೆಗಳು ನೀರಿನ ಮೇಲೆ ಕೂಡಿದಂತೆ. ಆ ಕೂಡಿದ ಗೆರೆಗಳು ಪ್ಲೇಟಿನಲ್ಲಿ ಅಚ್ಚಾಗಿ ಉಳಿಯುತ್ತವೆ. ಮುಂದೆ ಯಾವಾಗ ತಕ್ಕ ಬೆಳಕು ಬಿದ್ದರೂ ಬುಗುರಿಯಿಂದ ಎದ್ದಿದ್ದ ತೆರೆಗಳೇ ಮತ್ತೆ ಏಳುತ್ತವೆ. ಕಣ್ಣು ಅವುಗಳ ದಾರಿ ಹಿಡಿದು ಬುಗುರಿ ಇದ್ದ ಜಾಗಕ್ಕೆ ಹೋಗುತ್ತದೆ. ಅಚ್ಚಾಗುವಷ್ಟು ಹೊತ್ತು ಏನೂ ಅಲುಗಬಾರದು. ಫ್ಯಾನು ಆರಿಸಿ, ಎಲ್ಲರೂ ಉಸಿರು ಹಿಡಿದು ನಿಲ್ಲುತ್ತಿದ್ದರಂತೆ. ರಸ್ತೆಯಲ್ಲಿ ಲಾರಿ ಹೋಗಿ ಮೂರು ಪ್ಲೇಟು ಕೆಟ್ಟವಂತೆ. ನಾಲ್ಕನೆಯದು ಚೆನ್ನಾಗಿ ಬಂತು, ಅದನ್ನು ಅಜ್ಜನೇ ಕೈಜಾರಿ ಬೀಳಿಸಿದರು.

“ನೌಕರಿ ಹೋತು ಅನ್ಕೊಂಡೆ. ಪ್ರೊಫೆಸರು ನಗತಾ ನನಗ ಒಂದು ಚೂರು ಆರಿಸಿ ಕೊಟ್ಟರು. ನೋಡಿದ್ರ ಒಂದೊಂದು ಚೂರಿನ್ಯಾಗೂ ಇಡೀ ಬುಗುರಿ. ಕಿಟಕಿ ಸಣ್ಣದಾತು, ಅಂಗಳ ಅಷ್ಟೇ ಐತಿ.”

ದಾಕ್ಷಾಯಿಣಿ ಬಹಳ ಹೊತ್ತು ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಈ ಬುಗುರಿ ತಿರಗೂದಿಲ್ಲ,” ಎಂದಳು.

“ಇಲ್ಲ.”

“ಅವತ್ತು ಅಲ್ಲಿ ಇದ್ದದ್ದಷ್ಟೇ ಇದರಾಗ ಐತಿ.”

“ಅಷ್ಟೇ.”

“ಯಂಕಪ್ಪ ಕಾಕಾನ ಮ್ಯಾಲ ಯಾರೂ ಇಂಥ ಬೆಳಕು ಬಿಟ್ಟಿರಲಿಲ್ಲ.”

ಅಜ್ಜ ಚೂರನ್ನು ಅರಿವೆಯಲ್ಲಿ ಸುತ್ತಿ ಒಳಗಿಟ್ಟರು.

“ಚಿಗವ್ವಗ ಇದನ್ನ ನಾ ಹೆಂಗ ಹೇಳಲಿ ಅಜ್ಜಾರ?”

“ಗುರುವಾರನೂ ಹೊಳಿ ಅಷ್ಟೇ ಅಗಲ ಇರ್ತದ,” ಎಂದರು ಅಜ್ಜ.

ಗುರುವಾರ ಹುಲಿಗೆವ್ವ ಹಬ್ಬಕ್ಕೆ ಎತ್ತಿಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಮುಂಜಾನೆ ಎದ್ದು ಕರಿದ ಬಜ್ಜಿಯ ವಾಸನೆ ಹರಿಗೋಲನ್ನೆಲ್ಲ ತುಂಬಿತು. ಉಳಿದವರು ಡಬ್ಬಿಯ ಕಡೆ ನೋಡಿದರೆ, ಇದು ನಿಮಗಲ್ಲ, ಬಾಯಿ ಮುಚ್ಚಿಕೊಂಡು ನೀರು ನೋಡಿರಿ ಎಂದು ಗದರಿದಳು.

ದುರುಗಪ್ಪ ಹುಟ್ಟು ಹಾಕಿದ. ದಾಕ್ಷಾಯಿಣಿ ಹುಲಿಗೆವ್ವನ ಎದುರಿಗೇ ಕೂತಳು.

“ಚಿಗವ್ವಾ, ಸೋಮವಾರ ನಾ ಹೇಳಿದ ಸುದ್ದಿ ಅರ್ಧ ಆಗಿತ್ತು. ಉಳಿದರ್ಧ ಗೊತ್ತಿದ್ದೂ ಹೇಳಲಿಲ್ಲ. ಇವತ್ತು ಹೇಳ್ತೀನಿ.”

ಅವಳು ದೀಪದ ಮಾತು ಹೇಳಿದಳು. ಓರೆಯಾದ ಗಾಜಿನ ಮಾತು ಹೇಳಿದಳು. ಗಾಯಕಿ ಅಲ್ಲಿ ನಿಂತಿರುವುದಿಲ್ಲ, ಅವಳ ಚಿತ್ರ ಹಾಳೆಯಲ್ಲಿ ಬಿದ್ದಿರುತ್ತದೆ ಎಂದಳು. ಬುಗುರಿಯ ಮಾತೂ ಹೇಳಿದಳು. ಮೊದಲೇ ಬೆಳಕು ಹಿಡಿದಿಟ್ಟವರದು ಮಾತ್ರ ಕಾಣುತ್ತದೆ, ಆ ದಿನ ಆಡಿದ ಮಾತು ಮಾತ್ರ ಕೇಳುತ್ತದೆ, ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಡಲಾರರು ಎಂದಳು. ಈ ಸಲ ದನಿ ಏರಲಿಲ್ಲ. ಒಂದೊಂದೇ ಮಾತನ್ನು ಕಾಳು ಆರಿಸಿದ ಹಾಗೆ ಆರಿಸಿ ಹೇಳಿದಳು.

ಹುಲಿಗೆವ್ವ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಉಜ್ಜುತ್ತಿದ್ದಳು.

“ಅಂದ್ರ ನಾ ಹೇಳಿದ್ದು ಅಂವಗ ಕೇಳಸೂದಿಲ್ಲ.”

“ಇಲ್ಲ ಚಿಗವ್ವಾ.”

“ಕೇಳಿದ್ದಕ್ಕ ಉತ್ತರ ಕೊಡೂದಿಲ್ಲ.”

“ಇಲ್ಲ.”

“ಸುಮ್ಮನ ನಿಂತಿರತಾನ.”

ದಾಕ್ಷಾಯಿಣಿ ಹೌದೆಂದು ತಲೆಯಾಡಿಸಿದಳು.

“ಬದುಕಿದ್ದಾಗೂ ಹಂಗ ಇದ್ದನಲ್ಲವ್ವಾ,” ಎಂದಳು ಹುಲಿಗೆವ್ವ.

ಮೊದಲು ನಕ್ಕವನು ದುರುಗಪ್ಪ. ಆಮೇಲೆ ಎಲ್ಲರೂ ನಕ್ಕರು. ಹರಿಗೋಲು ಅಲುಗಾಡಿ ನೀರು ಒಳಗೆ ಸಿಡಿಯಿತು. ಹುಲಿಗೆವ್ವನೂ ನಕ್ಕಳು, ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು. ದಾಕ್ಷಾಯಿಣಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಹುಲಿಗೆವ್ವ ಆ ಕೈಯನ್ನು ಹಾಗೇ ಇರಗೊಟ್ಟಳು.

ದಂಡೆ ಬಂದಾಗ ದಾಕ್ಷಾಯಿಣಿ, ತಿರುಗಿ ಹೋಗೋಣವೇ ಎಂದು ಕೇಳಿದಳು. ಉಟ್ಟ ಸೀರೆಯನ್ನು ದಂಡ ಮಾಡುವ ಹೆಂಗಸು ತಾನಲ್ಲ ಎಂದು ಹುಲಿಗೆವ್ವ ಬಸ್ಸಿನ ಕಡೆ ನಡೆದಳು. ದಾಕ್ಷಾಯಿಣಿಯೂ ಹಿಂದೆಯೇ ಹೋದಳು.

ಪ್ರದರ್ಶನದ ಡೇರೆಯಲ್ಲಿ ಗಾಯಕಿ ಮೂಡಿದಳು, ಸೆರಗು ಸರಿಪಡಿಸಿಕೊಂಡಳು, ಹಾಡಿದಳು. ಜನ ಬಾಯಿ ತೆರೆದು ಕೂತಿದ್ದರು. ಹುಲಿಗೆವ್ವ ಎದ್ದು ವೇದಿಕೆಯ ಮಗ್ಗುಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು. ಕಾವಲಿನವನು ಓಡಿ ಬಂದ. ಹಾಳೆಯನ್ನು ಎಷ್ಟು ಚೆನ್ನಾಗಿ ಬಿಗಿದಿದ್ದೀಯಪ್ಪಾ, ಒಂದೂ ಸುಕ್ಕಿಲ್ಲ ಎಂದು ಅವಳು ಅವನನ್ನು ಹೊಗಳಿದಳು. ಅವನು ನಾಚಿ, ಬಿಗಿಯಲು ನಾಲ್ಕು ಜನಕ್ಕೆ ಅರ್ಧ ದಿನ ಹಿಡಿಯಿತು ಎಂದ. ಹೊರಗೆ ಬಂದಾಗ ಅವಳ ಸುತ್ತ ಹತ್ತಾರು ಹೆಂಗಸರು ಸೇರಿದ್ದರು. ಹುಲಿಗೆವ್ವ ತನ್ನ ಡಬ್ಬಿಯ ಹೊಳೆಯುವ ಮುಚ್ಚಳವನ್ನು ಓರೆ ಹಿಡಿದು, ಅದರಲ್ಲಿ ಆಕಾಶ ತೋರಿಸಿ ಅವರಿಗೆಲ್ಲ ಹೇಳುತ್ತಿದ್ದಳು. ಇನ್ನೊಮ್ಮೆ ನೋಡಬೇಕು ಎಂದು ಆ ಹೆಂಗಸರೆಲ್ಲ ಮತ್ತೆ ಒಳಗೆ ನುಗ್ಗಿದರು.

ಸಂಜೆ ಬಿಸಿಲು ಇನ್ನೂ ಇರುವಾಗಲೇ ಅವರು ಮರಳಿ ಬಂದರು. ಹುಲಿಗೆವ್ವ ನೇರ ಆಶ್ರಮಕ್ಕೆ ಬಂದು ಬೇವಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದಳು. ಬಜ್ಜಿ ಆರಿ ಮೆತ್ತಗಾಗಿದ್ದವು. ಅಜ್ಜ ಎರಡು ತಿಂದರು. ದುರುಗಪ್ಪ ಲೆಕ್ಕವಿಲ್ಲದೆ ತಿಂದ.

ನೋಡಿದ್ದು ಬಹಳ ಚೆನ್ನಾಗಿತ್ತು ಎಂದಳು ಹುಲಿಗೆವ್ವ. ಆ ಗಾಯಕಿಯ ಸೀರೆಯ ಅಂಚು ಇನ್ನೂ ಕಣ್ಣಲ್ಲಿದೆ ಎಂದಳು.

“ಆದ್ರ ನನ್ನ ಜಗಳ ಇದ್ದಲ್ಲೇ ಉಳೀತು ಅಜ್ಜಾರ,” ಎಂದಳು. “ಬಂದು ಹೇಳ್ತೀನಿ ಅಂದಿದ್ದ.”

ಅಜ್ಜ ಕೈ ಒರೆಸಿಕೊಂಡರು. “ಬಂದಿದ್ರ ಹೆಂಗ ಹೇಳ್ತಿದ್ದ?”

“ಹೆಂಗ ಅಂದ್ರ?”

“ನಾ ಅವನ ಜಗಳ ನೋಡಿಲ್ಲವ್ವಾ. ಹೆಂಗ ನಿಲ್ತಿದ್ದ, ಹೆಂಗ ಬೈತಿದ್ದ?”

ಹುಲಿಗೆವ್ವ ಅಜ್ಜನನ್ನು ನೋಡಿದಳು. ಎದ್ದು ನಿಂತಳು. ದುರುಗಪ್ಪನ ಹೆಗಲಿನ ಟವೆಲ್ ಎಳೆದು ತನ್ನ ಎಡ ಹೆಗಲಿಗೆ ಹಾಕಿಕೊಂಡಳು. ಹಿಟ್ಟು ಮೆತ್ತಿದ ಕೈಯನ್ನು ಮೈಗೆ ತಾಗಿಸಬಾರದೆಂದು ಹಿಡಿಯುವಂತೆ ಬಲಗೈಯನ್ನು ದೂರ ಹಿಡಿದಳು. ಒಂದು ಕಾಲಿನ ಮೇಲೆ ಭಾರ ಬಿಟ್ಟು, ಮೂಗಿನಲ್ಲಿ ಒಮ್ಮೆ ಉಸಿರು ಬಿಟ್ಟಳು.

ದುರುಗಪ್ಪನ ಬಾಯಲ್ಲಿದ್ದ ಬಜ್ಜಿ ಹಾಗೇ ನಿಂತಿತು. “ಅಯ್ಯ, ಯಂಕಪ್ಪ,” ಎಂದ.

“ಏ ಹುಲಿಗಿ,” ಎಂದಳು ಅವಳು, ದಪ್ಪ ದನಿಯಲ್ಲಿ. “ಎಷ್ಟು ಸಲ ಹೇಳಬೇಕು ನಿನಗ? ಗಿರಾಕಿ ಗಿರಾಕಿ ಅಂತೀ. ಗಿರಾಕಿ ಎಲ್ಲಿ ಓಡಿ ಹೊಕ್ಕಾರ? ವಾಸನಿ ಹಿಡಿದು ತಾವಾಗೇ ಬರ್ತಾರ. ನೀ ಪಡುವಣಕ್ಕ ಒಲಿ ಬಾಯಿ ಇಟ್ಟು ಕುಂತ್ರ ಮುಂಜಾನಿ ಬಿಸಲು ನೆಟ್ಟಗ ನಿನ್ನ ಕಣ್ಣಿಗೆ ಹೊಡಿತದ. ಮೊದಲ ನಿನಗ ಕಣ್ಣು ಮಂಜು. ಕುದಿಯೋ ಎಣ್ಣಿ ಮುಂದ ಕುಂದ್ರಾಕಿ ನೀನು, ನಾನಲ್ಲ.”

ಆ ಮಾತು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿಸಿಕೊಂಡವಳಂತೆ ಹುಲಿಗೆವ್ವ ಟವೆಲಿನ ತುದಿ ಹಿಡಿದು ನಿಂತಳು. ಹೊಳೆಯ ಕಡೆಯಿಂದ ಗಾಳಿ ಬಂತು. ಆಮೇಲೆ ಅವಳ ಮುಖ ಅರಳಿತು. ಮತ್ತೆ ಬಲಗೈಯನ್ನು ದೂರ ಹಿಡಿದು, ಮೂಗಿನಲ್ಲಿ ಉಸಿರು ಬಿಟ್ಟು, ಇನ್ನೂ ದಪ್ಪ ದನಿಯಲ್ಲಿ ಶುರು ಮಾಡಿದಳು. ಮೂವತ್ತು ವರ್ಷದ ಜಗಳವನ್ನೆಲ್ಲ ತೆಗೆದಳು. ದುರುಗಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ದಾಕ್ಷಾಯಿಣಿಯೂ ನಗುತ್ತಿದ್ದಳು. ಆದರೆ ಈ ನಾಲ್ಕು ದಿನದಲ್ಲಿ ಕಲಿತದ್ದು ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅಜ್ಜನ ಕಿವಿಯ ಬಳಿ ಬಗ್ಗಿದಳು.

“ಅಜ್ಜಾರ, ಇದು ಯಂಕಪ್ಪ ಕಾಕಾ ಖರೇನ ಹೇಳಿದ್ದಲ್ಲ. ಚಿಗವ್ವಗ ಅದನ್ನ ಹೇಳಬೇಕಲ್ಲ?”

ಅಜ್ಜ ಹುಲಿಗೆವ್ವನಿಂದ ಕಣ್ಣು ತೆಗೆಯಲಿಲ್ಲ.

“ತಡಿಯವ್ವಾ,” ಎಂದರು. “ಅಂವ ಇನ್ನೂ ಮುಗಿಸಿಲ್ಲ.”